ಎಂಎಲ್‌ಎ ಊರಿಗೆ ಬಂದಾಗ ಏನು ಕೇಳಬೇಕು, ಹೇಗೆ ಕೇಳಬೇಕು

ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಶಾಸಕರ ಅಪ್‌ಡೇಟ್‌ಗೆ ಬರ ಇಲ್ಲ. ಒಂದು ಅಂಗನವಾಡಿ ಉದ್ಘಾಟನೆ, ಒಂದು ಕಡೆ ನೇಮ, ಇನ್ನೊಂದು ಕಡೆ ಉರೂಸ್, ಎರಡು ಮದುವೆ, ಒಂದು ಶಾಲಾ ವಾರ್ಷಿಕೋತ್ಸವ. ಮಧ್ಯದಲ್ಲೆಲ್ಲೋ ಒಂದು ಸಾಲು ಇರುತ್ತದೆ: ಕೇಂದ್ರದ ದುಡ್ಡು ಬಾರದೆ ಕೆಲಸ ನಿಂತಿದೆ. ಬೇರೆ ಪಕ್ಷದವರಾದರೆ ಅದೇ ಸಾಲು ರಾಜ್ಯ ಸರ್ಕಾರ ದುಡ್ಡು ಬಿಡದೆ ಕೆಲಸ ನಿಂತಿದೆ ಅಂತಾಗುತ್ತದೆ. ನಾವು ಕೈಮುಗಿಯುವ ಇಮೋಜಿ ಹಾಕಿ ಮುಂದೆ ಹೋಗುತ್ತೇವೆ. ಕೆಲಸ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಆ ಸಾಲನ್ನು ಹಾಗೇ ಬಿಡಬಾರದು ಅಂತ ನನ್ನ ಅಭಿಪ್ರಾಯ. ಅದು ನಿಜವೂ ಆಗಿರಬಹುದು, ನೆಪವೂ ಆಗಿರಬಹುದು. ಯಾವುದು ಅಂತ ತಿಳಿಯಲು ಎರಡು ಪ್ರಶ್ನೆ ಸಾಕು. ಇದು ಯಾರ ಕಿಸೆಯ ದುಡ್ಡು? ಕಾಗದ ಈಗ ಯಾರ ಮೇಜಿನ ಮೇಲಿದೆ?

ಮೊದಲು ಕಿಸೆಯ ವಿಷಯ. ಕೇರಳದಲ್ಲಿ ಶಾಸಕರ ಹೆಸರಿನಲ್ಲಿ ಎರಡು ನಿಧಿ ಇವೆ, ಒಂದು ವಿಶೇಷ ಅಭಿವೃದ್ಧಿ ನಿಧಿ, ಇನ್ನೊಂದು ಆಸ್ತಿ ಅಭಿವೃದ್ಧಿ ನಿಧಿ. ಪೇಟೆಯ ಹೈಮಾಸ್ಟ್ ದೀಪ, ಶಾಲೆಯ ಕೋಣೆ, ಚಿಕ್ಕಪುಟ್ಟ ರಸ್ತೆ ಇವೆಲ್ಲ ಇದರಿಂದ ಆಗುತ್ತವೆ. ದುಡ್ಡು ಅವರ ಕೈಗೇನೂ ಬರುವುದಿಲ್ಲ. ಯಾವ ಕೆಲಸ ಅಂತ ಅವರು ಹೇಳುತ್ತಾರೆ, ಮಂಜೂರಾತಿ ಸರ್ಕಾರಿ ಕಚೇರಿಯಿಂದ ಬರಬೇಕು. ಆದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದು ಅವರದೇ ತೀರ್ಮಾನ ಅಲ್ವಾ? ಹಾಗಾಗಿ ಈ ಕಿಸೆಯ ಕೆಲಸಕ್ಕೆ ದೆಹಲಿಯನ್ನು ಬೈದರೆ ಒಪ್ಪಬೇಡಿ.

ವಾರ್ಡಿನ ಒಳರಸ್ತೆ, ಬೀದಿದೀಪ, ಚರಂಡಿ ಪಂಚಾಯತಿನದ್ದು. ಇದಕ್ಕೆ ಎಂಎಲ್‌ಎ ಬರುವವರೆಗೆ ಕಾಯುವುದೇ ತಪ್ಪು. ಕೇರಳದ 1994ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಪ್ರತಿ ವಾರ್ಡಿನಲ್ಲೂ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು, ವಾರ್ಡ್ ಮೆಂಬರ್ ಅದರ ಸಂಚಾಲಕರು, ಕೋರಂಗೆ ಮತದಾರರಲ್ಲಿ ಶೇಕಡಾ 10ರಷ್ಟು ಜನ ಬೇಕು. ಗ್ರಾಮಸಭೆಗೆ ಹೋಗದೆ ಎಂಎಲ್‌ಎ ಎದುರು ಬೀದಿದೀಪದ ಬಗ್ಗೆ ಕೂಗಾಡುವವರು ನಮ್ಮಲ್ಲಿ ಜಾಸ್ತಿ.

ಲೋಕೋಪಯೋಗಿ ಇಲಾಖೆಯ ರಸ್ತೆ, ದೊಡ್ಡ ಸೇತುವೆ, ಸರ್ಕಾರಿ ಆಸ್ಪತ್ರೆ ಕಟ್ಟಡ ರಾಜ್ಯದ ಕಿಸೆ. ನಮ್ಮ ಜಿಲ್ಲೆಗೆ ಅದರಲ್ಲೇ ಇನ್ನೊಂದು ಒಳಕಿಸೆ ಇದೆ, ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್. ಜಿಲ್ಲೆ ಯಾಕೆ ಹಿಂದುಳಿದಿದೆ ಅಂತ ನೋಡಲು ನೇಮಿಸಿದ್ದ ಪ್ರಭಾಕರನ್ ಆಯೋಗ 2012ರಲ್ಲಿ ವರದಿ ಕೊಟ್ಟು, 11 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಯೋಜನೆಗಳನ್ನು ಹೇಳಿತ್ತು. ಅದರ ಮೇಲೆ ಹುಟ್ಟಿದ್ದು ಈ ಪ್ಯಾಕೇಜ್. ಪೂರ್ತಿ ರಾಜ್ಯ ಬಜೆಟ್ಟಿನ ದುಡ್ಡು ಇದು.

ಕೇಂದ್ರದ್ದು ಅಂದರೆ ರಾಷ್ಟ್ರೀಯ ಹೆದ್ದಾರಿ, ರೈಲು, ಸಂಸದರ ನಿಧಿ. ಸಂಸದರಿಗೆ ವರ್ಷಕ್ಕೆ 5 ಕೋಟಿ. ತಲಪಾಡಿಯಿಂದ ಚೆಂಗಳದವರೆಗೆ ಆರು ಲೇನ್ ಆದ ಹೆದ್ದಾರಿಯ ಸರ್ವಿಸ್ ರೋಡ್, ಅಂಡರ್‌ಪಾಸ್, ಆರಿಕ್ಕಾಡಿಯ ಟೋಲ್ ವಿಷಯಗಳಲ್ಲಿ ಎಂಎಲ್‌ಎ ಧರಣಿ ಕೂರಬಹುದು, ಪತ್ರ ಬರೆಯಬಹುದು, ಆದೇಶ ಹೊರಡಿಸಲಾಗದು. ಅವರನ್ನು ಕೇಳಬೇಕಾದ್ದು, "ಪತ್ರ ಬರೆದಿದ್ದೀರಾ, ಅದಕ್ಕೆ ಉತ್ತರ ಬಂದಿದೆಯಾ, ನಮಗೂ ಒಂದು ಪ್ರತಿ ಕೊಡ್ತೀರಾ?" ಅಂತ ಮಾತ್ರ.

ತಲೆನೋವು ಇರುವುದು ಎರಡೂ ಸರ್ಕಾರಗಳ ದುಡ್ಡು ಸೇರುವ ಕಡೆ. ನಿಜವಾದ ಜಗಳ ನಡೆಯುವುದೂ ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡುವ.

ಕಿಫ್ಬಿಯನ್ನೇ ತೆಗೆದುಕೊಳ್ಳಿ, ಅಂದರೆ ದೊಡ್ಡ ಕೆಲಸಗಳಿಗೆ ದುಡ್ಡು ಹೊಂದಿಸುವ ಕೇರಳ ಸರ್ಕಾರದ ಸಂಸ್ಥೆ. ನಂದಾರಪದವಿನಿಂದ ಚೇವಾರಿಗೆ ಬರುವ ಗುಡ್ಡಗಾಡು ಹೆದ್ದಾರಿಯಲ್ಲಿ ಓಡಾಡಿದವರಿಗೆ ಆ ದುಡ್ಡಿನ ಪರಿಚಯ ಇದ್ದೇ ಇದೆ. ಕಿಫ್ಬಿ ಸಾಲ ಎತ್ತಿ ರಸ್ತೆ, ಶಾಲೆ, ಆಸ್ಪತ್ರೆ ಕಟ್ಟುತ್ತದೆ. ಅದನ್ನು ತೀರಿಸಲು ರಾಜ್ಯದ ವಾಹನ ತೆರಿಗೆಯ ಒಂದು ಪಾಲು ಮತ್ತು ಪೆಟ್ರೋಲ್ ಸೆಸ್ ಹೋಗುತ್ತದೆ. ತೀರಿಸುವುದು ರಾಜ್ಯದ ತೆರಿಗೆಯಿಂದ ಆದ್ದರಿಂದ ಇದೂ ರಾಜ್ಯದ ಸಾಲವೇ, ರಾಜ್ಯ ಎತ್ತಬಹುದಾದ ಸಾಲದ ಮಿತಿಯಲ್ಲಿ ಇದನ್ನೂ ಕಳೆಯಬೇಕು ಅನ್ನುತ್ತದೆ ಕೇಂದ್ರ. ಇದು ಬೇರೆ ಸಂಸ್ಥೆಯ ಸಾಲ, ಹೀಗೆ ಕಳೆದರೆ ನಮ್ಮ ಕೈ ಕಟ್ಟಿದ ಹಾಗೆ ಅನ್ನುತ್ತದೆ ಕೇರಳ. ರಾಷ್ಟ್ರೀಯ ಹೆದ್ದಾರಿ 66ರ ಜಾಗದ ಖರ್ಚಿನಲ್ಲಿ ಕಾಲು ಭಾಗವನ್ನು ಕೇರಳ ಕೊಟ್ಟದ್ದೂ ಕಿಫ್ಬಿ ಮೂಲಕವೇ, ಹಾಗಾಗಿ ಅವರ ಸಿಟ್ಟಿಗೆ ಕಾರಣ ಇಲ್ಲ ಅನ್ನಲಾಗದು. 2023ರ ಡಿಸೆಂಬರಿನಲ್ಲಿ ಕೇರಳ ಸಂವಿಧಾನದ 131ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ 1ರಂದು ಕೋರ್ಟು ತಾತ್ಕಾಲಿಕ ಪರಿಹಾರ ಕೊಡಲು ಒಪ್ಪದೆ ಮೂಲ ಪ್ರಶ್ನೆಯನ್ನು ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು.

ಇನ್ನೊಂದು ಜಗಳ ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಪಾಲಿನದ್ದು. 14ನೇ ಹಣಕಾಸು ಆಯೋಗದಲ್ಲಿ ಕೇರಳದ ಪಾಲು ಶೇಕಡಾ 2.5 ಇತ್ತು, 15ನೇ ಆಯೋಗದಲ್ಲಿ 1.925 ಆಯಿತು. ಕರ್ನಾಟಕದ್ದು 4.713ರಿಂದ 3.647ಕ್ಕೆ ಇಳಿಯಿತು. 2024ರ ಫೆಬ್ರವರಿ 7ರಂದು ಕರ್ನಾಟಕ, ಮರುದಿನ ಕೇರಳ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತದ್ದು ನೆನಪಿರಬಹುದು. ತಲಪಾಡಿ ಗೇಟಿನ ಆಚೆಯ ಸರ್ಕಾರವೂ ಈಚೆಯ ಸರ್ಕಾರವೂ ಒಂದೇ ರಾಗ ಹಾಡಿದ ಅಪರೂಪದ ವಾರ ಅದು.

ಮೂರನೆಯದು ಹೆಸರಿನ ಜಗಳ. ರಾಜ್ಯದ ವಸತಿ ಯೋಜನೆಯಾದ ಲೈಫ್‌ನ ಮನೆಗೆ ಕೇರಳದಲ್ಲಿ 4 ಲಕ್ಷ ಕೊಡುತ್ತಾರೆ. ಅದೇ ಮನೆ ಪಿಎಂ ಆವಾಸ್ ಗ್ರಾಮೀಣ ಯೋಜನೆಯಲ್ಲಿದ್ದರೆ ಅದರಲ್ಲಿ ಕೇಂದ್ರದ ಪಾಲು 72 ಸಾವಿರ. ಮನೆಯ ಗೋಡೆಯಲ್ಲಿ ಕೇಂದ್ರದ ಲೋಗೋ ಬೇಕು ಅಂತ ಅವರು, ಬಡವರ ಮನೆ ಗೋಡೆಯಲ್ಲಿ ಬೋರ್ಡ್ ಹಾಕುವುದಿಲ್ಲ ಅಂತ ಇವರು. ಆರೋಗ್ಯ ಕೇಂದ್ರಗಳ ಹೆಸರಿಗೂ ಇದೇ ಕಥೆ ಆಯಿತು. ಪಿಎಂ ಶ್ರೀ ಅನ್ನುವ ಕೇಂದ್ರದ ಶಾಲಾ ಯೋಜನೆಯ ಒಪ್ಪಂದಕ್ಕೆ ಕೇರಳ ಸಹಿ ಹಾಕದ ಕಾರಣ, ಶಾಲೆಗಳಿಗೆ ಬರುವ ಸಮಗ್ರ ಶಿಕ್ಷಾ ಯೋಜನೆಯ ದುಡ್ಡು ನಿಂತದ್ದು ನಮ್ಮ ಶಾಲೆಗಳವರೆಗೂ ಮುಟ್ಟಿದ ಸುದ್ದಿ.

ಈ ಜಗಳಗಳೆಲ್ಲ ನಿಜ. ಆದರೆ ನಿಮ್ಮ ಬೈಲಿನ ಕಾಲುಸಂಕದ (ಚಿಕ್ಕ ಕಾಲುಸೇತುವೆಯ) ಕೆಲಸ ನಿಂತದ್ದು ಇವುಗಳಿಂದಲೇ ಅಂತ ಯಾರಾದರೂ ಹೇಳಿದರೆ, "ಯಾವ ಯೋಜನೆ, ಅದರ ಹೆಸರೇನು?" ಅಂತ ಕೇಳಿ. ಯೋಜನೆಯ ಹೆಸರು ಬಂದರೆ ಮಾತು ನಂಬಬಹುದು. "ಒಟ್ಟಾರೆ ಆರ್ಥಿಕ ಮುಗ್ಗಟ್ಟು" ಅಂತ ಬಂದರೆ ಇನ್ನೂ ಸ್ವಲ್ಪ ಕೆದಕಬೇಕು. ಒಟ್ಟಾರೆ ಮುಗ್ಗಟ್ಟು ಇದ್ದಾಗಲೂ ಪಕ್ಕದ ವಾರ್ಡಿನಲ್ಲಿ ಕೆಲಸ ಆಗುತ್ತಿದ್ದರೆ, ಪಟ್ಟಿ ಮಾಡಿದವರು ಯಾರು ಅನ್ನುವುದು ಪ್ರಶ್ನೆಯಾಗುತ್ತದೆ.

ಎರಡೂ ಕಡೆಯವರು ಅಂಕಿ ಹೇಳುತ್ತಾರೆ, ಎರಡೂ ಸರಿ ಇರುವುದೂ ಉಂಟು. ಒಬ್ಬರು ಇಷ್ಟು ಸಾವಿರ ಕೋಟಿ ಕೊಟ್ಟಿದ್ದೇವೆ ಅನ್ನುತ್ತಾರೆ, ಅದು ತೆರಿಗೆ ಪಾಲು ಸೇರಿಸಿದ ಲೆಕ್ಕ. ಇನ್ನೊಬ್ಬರು ಇಷ್ಟು ಬಾಕಿ ಅನ್ನುತ್ತಾರೆ, ಅದು ಯೋಜನೆಗಳ ಅನುದಾನದ ಲೆಕ್ಕ. ಕೊಟ್ಟದ್ದು ಒಂದು ಪುಸ್ತಕ, ಕೊಡಬೇಕಾದ್ದು ಇನ್ನೊಂದು ಪುಸ್ತಕ. ಅದನ್ನು ಹಿಡಿದು ಗ್ರೂಪಿನಲ್ಲಿ ರಾತ್ರಿ ಹನ್ನೊಂದರವರೆಗೆ ಕಚ್ಚಾಡುವುದರಿಂದ ಏನೂ ಸಿಗುವುದಿಲ್ಲ.

ಈಗ ಕಾಗದದ ವಿಷಯ. "ಬಜೆಟ್ಟಿನಲ್ಲಿ ಸೇರಿಸಿದ್ದೇವೆ" ಅಂತ ಫ್ಲೆಕ್ಸ್ ಬಿದ್ದ ಕೂಡಲೇ ಪಟಾಕಿ ಹೊಡೆಯಬೇಡಿ. ಕೇರಳದ ಬಜೆಟ್ಟಿನಲ್ಲಿ ಟೋಕನ್ ಅಂತ ಒಂದು ಪದ್ಧತಿ ಇದೆ. ಸೇತುವೆಯ ಹೆಸರು ಇರುತ್ತದೆ, ಅದರ ಎದುರು ಬರೆದ ಮೊತ್ತ 100 ರೂಪಾಯಿ. ನೂರೇ ರೂಪಾಯಿ, ನೂರು ಲಕ್ಷ ಅಲ್ಲ. ಹೆಸರಿಗೆ ಪಟ್ಟಿಯಲ್ಲಿದೆ ಅಂತ ಅರ್ಥ, ದುಡ್ಡು ಬೇರೆ ಸಿಗಬೇಕು. ಆಮೇಲೆ ಆಡಳಿತಾನುಮತಿ, ತಾಂತ್ರಿಕ ಅನುಮತಿ, ಟೆಂಡರ್, ಕರಾರು, ಕೊನೆಗೆ ಜೆಸಿಬಿ. ಪ್ರತಿ ಹಂತಕ್ಕೂ ಒಂದು ನಂಬರ್ ಮತ್ತು ತಾರೀಕು ಇರುತ್ತದೆ. ಕೆಲಸ ಮುಗಿದ ಮೇಲೂ ಬಿಲ್ಲು ಟ್ರೆಜರಿಯಲ್ಲಿ ಸಿಕ್ಕಿಕೊಂಡು, ಕಂಟ್ರಾಕ್ಟರ್ ಮುಂದಿನ ಟೆಂಡರ್‌ಗೆ ಕೈಹಾಕದೆ ಕೂರುವುದೂ ಉಂಟು. ಹಾಗಾಗಿ ಯಾರೂ ಟೆಂಡರ್ ಹಾಕಲಿಲ್ಲ ಅಂತ ಶಾಸಕರು ಹೇಳಿದರೆ ಅದನ್ನು ಕುಂಟು ನೆಪ ಅಂತ ತಳ್ಳಿಹಾಕಬೇಡಿ.

ಉಕ್ಕಿನಡ್ಕದ ಮೆಡಿಕಲ್ ಕಾಲೇಜು ನೋಡಿ. 2013ರಲ್ಲಿ ಶಿಲಾನ್ಯಾಸ. 2020ರಲ್ಲಿ ಕರ್ನಾಟಕ ಗಡಿಗೆ ಮಣ್ಣು ಸುರಿದು ನಮ್ಮ ರೋಗಿಗಳು ಮಂಗಳೂರಿಗೆ ಹೋಗಲಾಗದೆ ಒದ್ದಾಡಿದಾಗ, ಅರ್ಧಂಬರ್ಧ ಇದ್ದ ಆ ಕಟ್ಟಡವನ್ನು ಕೋವಿಡ್ ಆಸ್ಪತ್ರೆ ಮಾಡಿದರು. ಎಂಬಿಬಿಎಸ್ ಸೀಟಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ, 50 ಸೀಟು. ಅಷ್ಟು ವರ್ಷ ಎಷ್ಟು ಅಪ್‌ಡೇಟ್, ಎಷ್ಟು ಭೇಟಿಯ ಫೋಟೋ ಬಂದಿರಬಹುದು, ನೀವೇ ಯೋಚಿಸಿ. ಕಲ್ಲು ಹಾಕಿದ್ದು ಕಟ್ಟಡ ಅಲ್ಲ, ಕಟ್ಟಡ ಆದದ್ದು ಆಸ್ಪತ್ರೆ ಅಲ್ಲ. ಆಸ್ಪತ್ರೆ ವಿಷಯ ಬಂದಾಗ ಹುದ್ದೆ ಎಷ್ಟು ಸೃಷ್ಟಿಯಾಗಿದೆ, ಎಷ್ಟು ಭರ್ತಿಯಾಗಿದೆ ಅಂತ ಕೇಳುವುದೇ ಸರಿಯಾದ ಪ್ರಶ್ನೆ.

ಹಾಗಾದರೆ ಅವರು ಊರಿಗೆ ಬಂದ ದಿನ ಏನು ಮಾಡಬೇಕು?

ಬೊಜ್ಜದ (ಉತ್ತರಕ್ರಿಯೆಯ) ಮನೆಯಲ್ಲಿ, ಮದುವೆ ಊಟದ ಸಾಲಿನಲ್ಲಿ ಅರ್ಜಿ ಕೊಡಬೇಡಿ. ಮರ್ಯಾದೆ ಅಂತ ಮಾತ್ರ ಅಲ್ಲ, ಆ ಕಾಗದ ಡ್ರೈವರಿನ ಸೀಟಿನ ಹಿಂದೆ ಉಳಿಯುತ್ತದೆ. ಉದ್ಘಾಟನೆ ಅಥವಾ ವಾರ್ಡ್ ಭೇಟಿ ಇದ್ದರೆ ಮುಂಚಿನ ದಿನವೇ ಅವರ ಪಿಎಗೆ ಫೋನ್ ಮಾಡಿ, ಇಂಥ ವಿಷಯ, ಐದು ನಿಮಿಷ ಅಂತ ಹೇಳಿಡಿ. ಇಬ್ಬರೋ ಮೂವರೋ ಹೋದರೆ ಸಾಕು. ಒಂದೇ ವಿಷಯ ಇರಲಿ. ಸಂಕ, ಕುಡಿಯುವ ನೀರು, ಬಸ್ಸು, ಹಂದಿ ಕಾಟ ಎಲ್ಲ ಒಟ್ಟಿಗೆ ಹೇಳಿದರೆ "ಆಯ್ತು, ನೋಡುವ" ಅಂತ ಒಂದೇ ಉತ್ತರದಲ್ಲಿ ನಾಲ್ಕೂ ಮುಗಿಯುತ್ತವೆ.

"ಸರ್, ನಮ್ಮ ಸಂಕ ಯಾವಾಗ ಆಗ್ತದೆ?" ಅಂದರೆ "ಬೇಗ ಮಾಡುವ" ಅಂತಲೇ ಉತ್ತರ. ಅದರ ಬದಲು "ಇದರ ಎಸ್ಟಿಮೇಟ್ ಆಗಿದೆಯಾ? ಯಾವ ನಿಧಿಯಲ್ಲಿ ಇಟ್ಟಿದ್ದೀರಿ? ಆಡಳಿತಾನುಮತಿ ನಂಬರ್ ಸಿಗ್ತದಾ?" ಅಂತ ಕೇಳಿ. ಪಕ್ಕದಲ್ಲಿ ನಿಂತ ಇಂಜಿನಿಯರ್ ಕಡೆ ಶಾಸಕರು ತಿರುಗಿ ನೋಡುತ್ತಾರೆ. ಉತ್ತರ ಬರುವುದು ಆಗಲೇ.

ಅರ್ಜಿಯಲ್ಲಿ ವಾರ್ಡ್ ನಂಬರ್, ರಸ್ತೆಯ ಹೆಸರು, ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಎಷ್ಟು ಮನೆ, ಮಳೆಗಾಲದಲ್ಲಿ ಮಕ್ಕಳು ಎಲ್ಲಿ ಸುತ್ತಿ ಶಾಲೆಗೆ ಹೋಗುತ್ತಾರೆ ಅಂತ ಬರೆಯಿರಿ. ಅದಕ್ಕಿಂತ ಮುಂಚೆ ಪಂಚಾಯತಿಗೆ ಹೋಗಿ ಆ ರಸ್ತೆ ಆಸ್ತಿ ರಿಜಿಸ್ಟರಿನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಯಾವ ಎಂಎಲ್‌ಎ ಮನಸ್ಸು ಮಾಡಿದರೂ ಸರ್ಕಾರಿ ದುಡ್ಡು ಹಾಕುವುದು ಕಷ್ಟ. ಅಗಲ ಮಾಡಲು ಯಾರದ್ದಾದರೂ ತೋಟದ ಬದಿ ಬೇಕಿದ್ದರೆ ಅವರ ಒಪ್ಪಿಗೆ ಪತ್ರ ಮೊದಲೇ ಮಾಡಿಸಿ. ನಮ್ಮಲ್ಲಿ ಅರ್ಧ ಕೆಲಸ ನಿಂತಿರುವುದು ದೆಹಲಿಯಲ್ಲೂ ಅಲ್ಲ, ತಿರುವನಂತಪುರದಲ್ಲೂ ಅಲ್ಲ, ಎರಡು ಅಡಿಕೆ ಮರದ ಮಧ್ಯೆ.

ಅರ್ಜಿ ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ, ಕೇರಳದ ಆಡಳಿತ ಭಾಷೆಯ ಕಾನೂನಿನಲ್ಲೂ ಕನ್ನಡ ಅಲ್ಪಸಂಖ್ಯಾತರಿಗೆ ಜಾಗ ಇದೆ. ಮಂಜೇಶ್ವರದಿಂದ ಗೆದ್ದ ಎ.ಕೆ.ಎಂ. ಅಶ್ರಫ್ 2021ರಲ್ಲಿ ವಿಧಾನಸಭೆಯಲ್ಲಿ ಪ್ರಮಾಣವಚನ ತೆಗೆದುಕೊಂಡದ್ದೇ ಕನ್ನಡದಲ್ಲಿ. ಆದರೆ ಫೈಲು ತಿರುವನಂತಪುರಕ್ಕೆ ಹೋದರೆ ಅಲ್ಲಿ ಓದುವವರು ಮಲಯಾಳದವರು. ಹಾಗಾಗಿ ಕನ್ನಡದ ಅರ್ಜಿ ಮೇಲೆ ಇಟ್ಟು, ಅದರ ಕೆಳಗೆ ಒಂದು ಮಲಯಾಳ ಪುಟ ಪಿನ್ ಮಾಡಿ. ಇದಕ್ಕೆ ಸೋತಂತೆ ಅಂತ ಸಿಟ್ಟಾಗುವವರಿದ್ದಾರೆ, ನನಗೆ ಹಾಗೆ ಅನಿಸುವುದಿಲ್ಲ. ಹಕ್ಕು ಮೇಲಿನ ಪುಟದಲ್ಲಿ ಇದ್ದೇ ಇದೆಯಲ್ಲ. ಎರಡು ಪ್ರತಿ ಮಾಡಿ, ಒಂದರಲ್ಲಿ ಸೀಲು, ತಾರೀಕು ಹಾಕಿಸಿಕೊಳ್ಳಿ.

ಇನ್ನೊಂದು ಕೇಳಬಹುದಾದ್ದು, ಜನ ಕೇಳುವುದೇ ಕಡಿಮೆ: "ಈ ವಿಷಯ ವಿಧಾನಸಭೆಯಲ್ಲಿ ಪ್ರಶ್ನೆಯಾಗಿ ಹಾಕ್ತೀರಾ?" ಶಾಸಕರು ಲಿಖಿತ ಪ್ರಶ್ನೆ ಹಾಕಿದರೆ ಮಂತ್ರಿ ಲಿಖಿತವಾಗಿ ಉತ್ತರಿಸಬೇಕು, ಅದು ವಿಧಾನಸಭೆಯ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತದೆ. ವಿರೋಧ ಪಕ್ಷದ ಶಾಸಕರಿಗೆ ಇದು ಇನ್ನೂ ಸುಲಭ, ಮಂತ್ರಿಯನ್ನು ಮುಜುಗರ ಮಾಡಲು ಅವರಿಗೆ ಹಿಂಜರಿಕೆ ಇಲ್ಲ. ದುಡ್ಡು ಕೇಂದ್ರದ್ದಾದರೆ ಅದೇ ಮಾತು ಸಂಸದರಿಗೆ.

ಭೇಟಿ ಆಗಿ ಒಂದು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಪಿಎಗೆ ಒಂದು ಫೋನ್. ಆಮೇಲೂ ಇಲ್ಲದಿದ್ದರೆ ಸಂಬಂಧಪಟ್ಟ ಇಲಾಖೆಯ ಮಾಹಿತಿ ಅಧಿಕಾರಿಗೆ 10 ರೂಪಾಯಿಯ ಆರ್‌ಟಿಐ ಅರ್ಜಿ. ಬಿಪಿಎಲ್‌ನವರಿಗೆ ಅದೂ ಬೇಡ. ಉತ್ತರ ಕೊಡಲು 30 ದಿನ. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಆಡಳಿತಾನುಮತಿಯ ಪ್ರತಿ, ಎಸ್ಟಿಮೇಟಿನ ಪ್ರತಿ, ಫೈಲು ಈಗ ಇರುವ ಕಚೇರಿ ಅಂತ ದಾಖಲೆ ಕೇಳಿ.

ಸಿಕ್ಕಿದ ಉತ್ತರವನ್ನು ಶಾಸಕರ ಅಪ್‌ಡೇಟ್ ಬಂದ ಅದೇ ಗ್ರೂಪಿಗೆ ಹಾಕಿ. ಬೈಗುಳ ಬೇಡ, ಫೈಲ್ ನಂಬರ್ ಮತ್ತು ತಾರೀಕು ಸಾಕು. ಶಾಸಕರು ನಿಜ ಹೇಳಿದ್ದರೆ ಅದನ್ನೂ ಬರೆಯಿರಿ, ಮುಂದಿನ ಸಲ ಮಾತಾಡಲು ಅವರಿಗೂ ಮನಸ್ಸು ಬರುತ್ತದೆ.

ಸಮಯದ ಬಗ್ಗೆ ಒಂದು ಮಾತು. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ ಹೊತ್ತಿಗೆ ಬರುತ್ತದೆ, ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಮಾರ್ಚಿನಲ್ಲಿ ಟ್ರೆಜರಿ ಎದುರು ಬಿಲ್ಲುಗಳದ್ದೇ ಜಾತ್ರೆ, ಹೊಸ ಅರ್ಜಿ ನೋಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಜೂನ್ ಬಂದರೆ ಮಳೆ, ಡಾಮರು ಕೆಲಸ ಬಂದ್. ಬಜೆಟ್ಟಿಗೆ ಸೇರಬೇಕಾದ ದೊಡ್ಡ ಕೆಲಸ ಇದ್ದರೆ ದೀಪಾವಳಿ ಕಳೆದ ಕೂಡಲೇ ಅರ್ಜಿ ಕೊಡಿ, ಆಗ ಶಾಸಕರು ತಮ್ಮ ಪಟ್ಟಿ ತಯಾರು ಮಾಡುವ ಹೊತ್ತು.