ತಿಂಗಳ ಕೊನೆಯ ಊಟಕ್ಕೆ ಬಸ್ಸಾರಿನ ಪರಿಹಾರ

ಮೈಸೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಫ್ರಿಜ್ ಇಲ್ಲದ ಕಾರಣ ಸಂತೆಯಿಂದ ತಂದ ಸೊಪ್ಪು ಬೇಗನೆ ಬಾಡುತ್ತಿತ್ತು. ವಾರದ ಉಳಿದ ದಿನಗಳ ಹೋಟೆಲ್ ಊಟಕ್ಕೆ ವಿದ್ಯಾರ್ಥಿವೇತನ ಸಾಲುತ್ತಿರಲಿಲ್ಲ. ಈಗ ಸೊಪ್ಪನ್ನು ತಂದ ದಿನವೇ ಬಳಸಿ, ಮುಂದಿನ ದಿನಗಳಿಗೆ ಕಾಳುಗಳನ್ನೂ, ಕತ್ತರಿಸದೆ ಇಟ್ಟರೆ ವಾರಗಟ್ಟಲೆ ಕೆಡದ ಮಂಗಳೂರು ಸೌತೆಯನ್ನೂ ಮೀಸಲಿಡುತ್ತೇನೆ. ರಾತ್ರಿ ನೆನೆಸಿದ ಹುರುಳಿಕಾಳನ್ನು ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಬಿಳಿಯ ಮೊಳಕೆ ಇಣುಕುತ್ತದೆ. ಅದನ್ನು ಬೇಯಿಸಿ ಬಸಿದ ನೀರಿಗೆ, ಒಂದು ಹಿಡಿ ಬೆಂದ ಕಾಳು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುಣಸೆಹಣ್ಣು ಹಾಗೂ ಸಾರಿನ ಪುಡಿಯನ್ನು ರುಬ್ಬಿ ಸೇರಿಸಿ ಕುದಿಸಿದರೆ ಬಸ್ಸಾರು. ಉಳಿದ ಕಾಳಿಗೆ ಒಗ್ಗರಣೆ ಕೊಟ್ಟು ತೆಂಗಿನತುರಿ ಉದುರಿಸಿದರೆ ಪಲ್ಯ. ಒಮ್ಮೆ ಬೇಯಿಸಿದ ಕಾಳಿನಿಂದಲೇ ಎರಡು ಅಡುಗೆ ಸಿದ್ಧವಾಗಿ ಗ್ಯಾಸ್ ಉಳಿಯುವುದು ನನ್ನಂಥವರಿಗೆ ನಿಜಕ್ಕೂ ದೊಡ್ಡ ಅನುಕೂಲ. ಮಧ್ಯಾಹ್ನ ಅನ್ನಕ್ಕೆ, ರಾತ್ರಿ ರಾಗಿಮುದ್ದೆಗೆ ಅದೇ ಸಾರು ಒದಗುತ್ತದೆ. ಎರಡನೆಯ ಬಾರಿ ಕುದಿಸಿದಾಗ ಅದರ ರುಚಿ ಇನ್ನಷ್ಟು ಹೆಚ್ಚುತ್ತದೆ.