ಕ್ರಾಬಿಯ ನಾಲ್ಕು ದ್ವೀಪ, ಒಂದು ದಿನ: ಇಳಿತ ನೋಡಿ ಹೊರಟ ನನ್ನ ಅನುಭವ

ಥಾಯ್ಲೆಂಡಿನ ಕ್ರಾಬಿಗೆ ಹೊರಟವರು ನನ್ನನ್ನು ಕೇಳುವುದು, "ಒಂದು ದಿನದಲ್ಲಿ ಎಷ್ಟು ದ್ವೀಪ ನೋಡಬಹುದು?" ಎಂದು. ನಾನು ತಿರುಗಿ ಕೇಳುವುದು, "ಯಾವ ತಾರೀಕಿಗೆ ಹೋಗ್ತೀರಿ? ಅವತ್ತು ತಿಥಿ ಯಾವುದು?" ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಆದರೆ ಅಲ್ಲಿನ ಒಂದು ದಿನ ಚೆನ್ನಾಗಿ ಸಾಗುವುದು ಸಮುದ್ರದ ಉಬ್ಬರ ಇಳಿತದ ಮೇಲೆ. ನೀರು ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂದು ತಿಳಿದುಕೊಂಡರೆ ದ್ವೀಪಗಳ ಸರದಿ ತಾನಾಗಿ ಕೂಡಿಬರುತ್ತದೆ.

ನಾನು ಕುಮಟಾ ಕಡೆಯವಳು. ನಮ್ಮ ಅಘನಾಶಿನಿ ಅಳಿವೆಯಲ್ಲಿ ಬಳಚು (ಕಪ್ಪೆಚಿಪ್ಪು) ಆಯುವವರು ನೀರಿಳಿಯುವ ಹೊತ್ತು ನೋಡಿಕೊಂಡೇ ಮನೆ ಬಿಡುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ನೀರು ಬಹಳ ಏರುತ್ತದೆ, ಅಷ್ಟೇ ಬಹಳ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಮಾರನೆಯ ದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಕ್ರಾಬಿ ಇರುವ ಅಂಡಮಾನ್ ಸಮುದ್ರಕ್ಕೂ ಇದೇ ಲೆಕ್ಕ. ಮೇಲಾಗಿ ಅಲ್ಲಿನ ಏರಿಳಿತ ನಮ್ಮ ಕರಾವಳಿಯದಕ್ಕಿಂತ ದೊಡ್ಡದು. ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಬರೀ ಮರಳು ಇರಬಹುದು.

ಆವೊ ನಾಂಗ್ ಕಡಲತೀರದಿಂದ ಹೊರಡುವ ನಾಲ್ಕು ದ್ವೀಪಗಳ ಸುತ್ತಾಟದಲ್ಲಿ ಪೋಡಾ, ಕೋಳಿಯ ತಲೆಯಂಥ ಬಂಡೆಯಿರುವ ಕೋ ಗೈ, ಟುಪ್, ಮೋರ್ ಎಂಬ ದ್ವೀಪಗಳು ಬರುತ್ತವೆ. ಇದರ ಜೊತೆಗೆ ರೈಲೇ ಎಂಬ ಜಾಗದ ಪಕ್ಕದ ಪ್ರಾ ನಾಂಗ್ ಕಡಲತೀರವನ್ನೂ ಸೇರಿಸುತ್ತಾರೆ. ಗೈ, ಟುಪ್, ಮೋರ್ ಈ ಮೂರರ ನಡುವೆ ಟಲೇ ವೇಕ್ ಎಂಬ ಮರಳಿನ ದಿಬ್ಬವಿದೆ. ಉಬ್ಬರದಲ್ಲಿ ಅದು ಪೂರ್ತಿ ನೀರಿನಡಿ. ನೀರಿಳಿದಾಗ ಮೇಲೆದ್ದು ದ್ವೀಪದಿಂದ ದ್ವೀಪಕ್ಕೆ ನಡೆದು ಹೋಗುವ ದಾರಿಯಾಗುತ್ತದೆ. ಅದನ್ನು ನಡೆದು ದಾಟಬೇಕೆಂಬುದೇ ನನ್ನ ಆಸೆಯಾಗಿತ್ತು. ಹಾಗಾಗಿ ಇಡೀ ದಿನವನ್ನು ಆ ಒಂದು ಜಾಗಕ್ಕೆ ಕಟ್ಟಿಹಾಕಿ, ಉಳಿದ ದ್ವೀಪಗಳನ್ನು ಅದರ ಹಿಂದೆ ಮುಂದೆ ಇಟ್ಟೆ.

ಮೊದಲು ಕ್ಯಾಲೆಂಡರ್ ಹಿಡಿದು ಕೂತೆ. ಅಲ್ಲಿ ನೈಋತ್ಯ ಮಾರುತದ ಕಾಲ ಮೇಯಿಂದ ಅಕ್ಟೋಬರ್ ತನಕ. ಸಮುದ್ರ ಒರಟಾಗಿರುತ್ತದೆ, ದೋಣಿ ನಿಲ್ಲಿಸುವ ದಿನಗಳೂ ಇರುತ್ತವೆ. ಅದಕ್ಕೆ ಜನವರಿ ಆರಿಸಿದೆ. ಆಮೇಲೆ ನಮ್ಮ ರಜೆಯ ವಾರದ ಉಬ್ಬರ ಇಳಿತದ ಪಟ್ಟಿ ತೆಗೆದೆ. ಥಾಯ್ ನೌಕಾಪಡೆಯ ಜಲಮಾಪನ ಇಲಾಖೆ ಇದನ್ನು ಪ್ರಕಟಿಸುತ್ತದೆ, ಫೋನಿನಲ್ಲಿ ನೋಡುವ ಆ್ಯಪ್‌ಗಳೂ ಸಿಗುತ್ತವೆ. ಕ್ರಾಬಿ ಅಥವಾ ಆವೊ ನಾಂಗ್ ಎಂದೇ ಹುಡುಕಿ; ಬ್ಯಾಂಕಾಕಿನ ಪಟ್ಟಿ ಥಾಯ್ಲೆಂಡ್ ಕೊಲ್ಲಿಯದು, ಇಲ್ಲಿಗೆ ಕೆಲಸಕ್ಕೆ ಬಾರದು. ಹುಣ್ಣಿಮೆಯಂದು ಆ ಕಡೆ ಇಳಿತ ಬೀಳುವುದು ಸಂಜೆ ನಾಲ್ಕರ ಸುಮಾರಿಗೆ. ನನಗೆ ಬೇಕಾಗಿದ್ದುದು ನಡುಮಧ್ಯಾಹ್ನದ ಇಳಿತ. ದಿನಕ್ಕೆ 50 ನಿಮಿಷದಂತೆ ಹಿಂದೆ ಎಣಿಸಿದರೆ ಶುಕ್ಲ ದ್ವಾದಶಿ ಸಿಕ್ಕಿತು. ಪಟ್ಟಿಯಲ್ಲೂ ಅವತ್ತಿನ ಇಳಿತ ಮಧ್ಯಾಹ್ನ ಒಂದು ದಾಟಿದ ಮೇಲೆ ಎಂದೇ ಇತ್ತು. ದಿಬ್ಬ ಚೆನ್ನಾಗಿ ಮೇಲೇಳುವಷ್ಟು ನೀರಿಳಿಯುವ ದಿನವೂ ಹೌದು.

ನಮ್ಮನೆಯವರಿಗೆ ಹಾಂಗ್ ದ್ವೀಪದ ಲಗೂನ್ (ಬಂಡೆಗಳ ನಡುವೆ ಕೊಳದಂತೆ ನಿಂತ ಸಮುದ್ರದ ನೀರು) ನೋಡಬೇಕೆಂದಿತ್ತು. ಮೈದುನನಿಗೆ ಪಿಪಿ ದ್ವೀಪದ ಮಾಯಾ ಬೇ. ಇಬ್ಬರನ್ನೂ ಒಪ್ಪಿಸುವಾಗಲೂ ಕೈಗೆ ಬಂದದ್ದು ನೀರಿನ ಲೆಕ್ಕವೇ. ಹಾಂಗ್‌ನ ಲಗೂನ್ ಸುತ್ತ ಸುಣ್ಣಕಲ್ಲಿನ ಗೋಡೆಯಿದ್ದು, ಒಳಗೆ ಹೋಗುವ ಬಾಗಿಲು ಕಿರಿದು. ದೋಣಿ ಸಲೀಸಾಗಿ ಒಳಗೆ ಹೋಗಲು ನೀರು ಮೇಲಿರಬೇಕು. ಟಲೇ ವೇಕ್‌ಗೆ ನೀರು ಕೆಳಗಿರಬೇಕು. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಒಂದಾದರೂ ಕೈತಪ್ಪುತ್ತದೆ. ಮಾಯಾ ಬೇಯದು ಬೇರೆಯೇ ವಿಷಯ. ಜನಜಂಗುಳಿಯಿಂದ ಹವಳ ಹಾಳಾಯಿತೆಂದು 2018ರ ಜೂನಿನಲ್ಲಿ ಅದನ್ನು ಮುಚ್ಚಿ, 2022ರ ಜನವರಿಯಲ್ಲಿ ಮತ್ತೆ ತೆರೆದರು. ಈಗ ದೋಣಿಗಳು ಹಿಂಬದಿಯ ಲೋ ಸಮಾ ಕೊಲ್ಲಿಯಲ್ಲಿ ನಿಲ್ಲುತ್ತವೆ, ಒಳಗೆ ಈಜುವಂತಿಲ್ಲ, ಆಗಸ್ಟ್ ಸೆಪ್ಟೆಂಬರಿನಲ್ಲಿ ಪ್ರತಿವರ್ಷ ಬಾಗಿಲು ಮುಚ್ಚುತ್ತಾರೆ. ಅಷ್ಟು ದೂರ ಹೋಗಿ ಬರಲು ವೇಗದ ಬೋಟು, ಬೇರೆಯದೇ ದಿನ ಬೇಕು. ಅಂದು ಎರಡನ್ನೂ ಬಿಟ್ಟೆವು. ಬಿಟ್ಟಿದ್ದಕ್ಕೇ ದಿನ ಹಗುರಾಯಿತೆಂದು ಈಗಲೂ ನಾನು ಗಟ್ಟಿಯಾಗಿ ಹೇಳುತ್ತೇನೆ.

ಹಂಚಿಕೊಂಡು ಹೋಗುವ ಟೂರ್ ಅಗ್ಗ. ಆದರೆ ಅದರ ಸಮಯ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ನೀರು ಎಲ್ಲಿದ್ದರೂ ಟಲೇ ವೇಕ್‌ಗೆ ಅದೇ ಗಂಟೆಗೆ ಇಳಿಸುತ್ತಾರೆ. ನಾವು ದೊಡ್ಡವರು ಐವರು, ಮಕ್ಕಳಿಬ್ಬರು. ಇಡೀ ದೋಣಿಯನ್ನು ಗೊತ್ತುಮಾಡಿಕೊಂಡರೂ ತಲೆಗೆ ಬೀಳುವ ಹೆಚ್ಚಿನ ದುಡ್ಡು ಹೊರೆಯಾಗಲಿಲ್ಲ. ಕಡಲತೀರದಲ್ಲೇ ದೋಣಿಯವರ ಟಿಕೆಟ್ ಕೌಂಟರ್ ಇದೆ. ಅರ್ಧ ದಿನಕ್ಕೆ ಇಷ್ಟು, ಪೂರ್ತಿ ದಿನಕ್ಕೆ ಇಷ್ಟು ಎಂದು ಬೋರ್ಡು ಹಾಕಿರುತ್ತಾರೆ. ಹಿಂದಿನ ಸಂಜೆಯೇ ಹೋಗಿ ಮಾತಾಡಿದೆ. ಪಟ್ಟಿಯಲ್ಲಿನ ಇಳಿತದ ಸಮಯಕ್ಕೆ ಬೆರಳಿಟ್ಟು, ಅದಕ್ಕಿಂತ ಒಂದೂವರೆ ಗಂಟೆ ಮೊದಲು ಟಲೇ ವೇಕ್‌ನಲ್ಲಿರಬೇಕು ಎಂದೆ. ದೋಣಿಯವರ ಮುಖ ಅರಳಿತು. ಬೆಳಿಗ್ಗೆ ಎಂಟಕ್ಕೆ ಬನ್ನಿ, ಮೊದಲು ಪೋಡಾ ಎಂದು ಸರದಿ ಹೇಳಿದವರು ಅವರೇ. ಸಮುದ್ರದ ಮೇಲೆ ಬದುಕುವವರ ಜೊತೆ ನೀರಿನ ಮಾತಾಡಿದರೆ ಅವರು ತಮಗೆ ಗೊತ್ತಿದ್ದನ್ನೆಲ್ಲ ಬಿಚ್ಚಿಡುತ್ತಾರೆ.

ಅಲ್ಲಿನ ಉದ್ದಬಾಲದ ದೋಣಿಗೆ (ಎಂಜಿನ್ನಿನ ಉದ್ದ ಕೋಲು ಹಿಂದೆ ಬಾಲದಂತೆ ಚಾಚಿರುವ ಮರದ ದೋಣಿ) ಜೆಟ್ಟಿಯಿಂದ ಹತ್ತುವುದಲ್ಲ, ಮೊಣಕಾಲುದ್ದದ ನೀರಿನಲ್ಲಿ ನಡೆದು ಸಣ್ಣ ಏಣಿ ಹತ್ತಬೇಕು. ಮಂಡಿನೋವಿರುವ ನಮ್ಮತ್ತೆಯನ್ನು ಕರೆದೊಯ್ಯುವಾಗ ನನಗಿದ್ದ ದೊಡ್ಡ ಚಿಂತೆ ಇದೇ. ಇಲ್ಲೂ ನೀರು ನೆರವಿಗೆ ಬಂತು. ಬೆಳಿಗ್ಗೆ ಉಬ್ಬರ ಆಗಷ್ಟೇ ಇಳಿಯತೊಡಗಿದ್ದರಿಂದ ದೋಣಿ ದಡದ ಹತ್ತಿರಕ್ಕೇ ಬಂದು ನಿಂತಿತ್ತು. ತೀರಾ ಇಳಿತದಲ್ಲಿ ಹೊರಟಿದ್ದರೆ ಒದ್ದೆ ಮರಳಿನ ಮೇಲೆ ಬಹುದೂರ ನಡೆಯಬೇಕಾಗುತ್ತಿತ್ತು. ವಯಸ್ಸಾದವರಿದ್ದರೆ ಹೊರಡುವ, ಮರಳುವ ಎರಡೂ ಹೊತ್ತಿಗೆ ದಡದಲ್ಲಿ ನೀರೆಷ್ಟಿರುತ್ತದೆ ನೋಡಿಕೊಳ್ಳಿ. ದೋಣಿಯ ಮೂತಿಗೆ ಬಣ್ಣದ ಬಟ್ಟೆ, ಹೂಮಾಲೆ ಕಟ್ಟಿರುತ್ತಾರೆ. ಅದು ದೋಣಿ ಕಾಯುವ ದೇವತೆ ಮೇ ಯಾ ನಾಂಗ್‌ಗೆ ಸಲ್ಲಿಸುವ ಗೌರವ. ಅಲ್ಲಿ ಕಾಲಿಡಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿದ್ದೆ. ಅತ್ತೆ, "ಇಲ್ಲೂ ದೋಣಿಗೆ ಹೂ ಮುಡಿಸ್ತಾರಲ್ಲೇ ತಂಗಿ" ಎಂದು ಕೈಮುಗಿದು ಕೂತರು.

ಅರ್ಧ ಗಂಟೆಯಲ್ಲಿ ಪೋಡಾ. ದೂರದಿಂದ ಬರುವ ವೇಗದ ಬೋಟುಗಳು ತಲುಪುವ ಮೊದಲಿನ ಹೊತ್ತು ಅದು. ಬಿಳಿ ಮರಳು, ಮರದ ನೆರಳು, ಎದುರಿಗೆ ನೀರಿನಲ್ಲಿ ನೆಟ್ಟಗೆ ನಿಂತ ಬಂಡೆ. ಇಲ್ಲಿಗೇ ಹೆಚ್ಚು ಸಮಯ ಇಟ್ಟಿದ್ದೆ, ಎರಡು ಗಂಟೆಗೆ ಹತ್ತಿರ. ಮಕ್ಕಳ ಈಜು, ಅತ್ತೆಯ ವಿಶ್ರಾಂತಿ ಎರಡೂ ನೆರಳಿರುವ ಜಾಗದಲ್ಲೇ ಆಗಬೇಕು, ಏಕೆಂದರೆ ಮುಂದಿನ ನಿಲ್ದಾಣದ ದಿಬ್ಬದ ಮೇಲೆ ನೆರಳೇ ಇಲ್ಲ. ಇದು ರಾಷ್ಟ್ರೀಯ ಉದ್ಯಾನದ ಜಾಗ. ವಿದೇಶಿಯರಿಗೆ ಪ್ರವೇಶ ಶುಲ್ಕ ಬೇರೆಯೇ ಇದೆ. ಚೀಟಿಯನ್ನು ದಿನವಿಡೀ ಜೋಪಾನ ಮಾಡಿ.

ಹತ್ತೂವರೆಯ ಮೇಲೆ ಕೋ ಗೈ ಹತ್ತಿರ ಲಂಗರು ಹಾಕಿ ಸ್ನಾರ್ಕೆಲಿಂಗ್, ಅಂದರೆ ಉಸಿರಾಟದ ಕೊಳವೆ ಕಚ್ಚಿಕೊಂಡು ನೀರಿನಡಿ ನೋಡುತ್ತ ತೇಲುವುದು. ನೀರಿಳಿಯುತ್ತ ಹೋದಂತೆ ಹವಳ ಕಾಲಿಗೆ ಹತ್ತಿರವಾಗುತ್ತದೆ. ನಿಲ್ಲಲು ಕಾಲೂರಿದರೆ ಹವಳವೂ ಮುರಿಯುತ್ತದೆ, ಕಾಲೂ ಸೀಳುತ್ತದೆ. ಆದ್ದರಿಂದ ಇಳಿತದ ಕೊನೆಯ ಗಂಟೆಗೆ ಇದನ್ನು ಇಟ್ಟುಕೊಳ್ಳಬಾರದು. ಮೀನಿಗೆ ಬ್ರೆಡ್ ಹಾಕುವವರೂ ಇರುತ್ತಾರೆ; ದಯವಿಟ್ಟು ಹಾಕಬೇಡಿ, ಉದ್ಯಾನದಲ್ಲಿ ಅದಕ್ಕೆ ಅವಕಾಶವಿಲ್ಲ. ಹವಳಕ್ಕೆ ವಿಷವಾಗುವ ಸನ್‌ಸ್ಕ್ರೀನ್‌ಗಳನ್ನೂ 2021ರಿಂದ ಥಾಯ್ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷೇಧಿಸಿದ್ದಾರೆ. ಡಬ್ಬಿಯ ಮೇಲೆ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂದಿದ್ದರೆ ಊರಲ್ಲೇ ಬಿಟ್ಟು ಹೋಗಿ. ನಾವು ತೋಳು ಮುಚ್ಚುವ ಈಜು ಅಂಗಿ ಹಾಕಿಕೊಂಡೆವು, ಹಚ್ಚುವ ಕೆಲಸವೇ ಅರ್ಧ ಕಡಿಮೆಯಾಯಿತು.

ಟಲೇ ವೇಕ್‌ಗೆ ಬಂದಾಗ ಹನ್ನೆರಡಾಗಲು ಸ್ವಲ್ಪ ಬಾಕಿ. ದಿಬ್ಬದ ಬೆನ್ನು ಆಗಷ್ಟೇ ಕಾಣುತ್ತಿತ್ತು, ನಡುವೆ ಇನ್ನೂ ಪಾದ ಮುಳುಗುವಷ್ಟು ನೀರು. ನಾವು ನೋಡನೋಡುತ್ತಿದ್ದಂತೆ ಎರಡೂ ಕಡೆಯ ಅಲೆಗಳು ಹಿಂದೆ ಸರಿಯುತ್ತ ಸರಿಯುತ್ತ, ಅವು ಪರಸ್ಪರ ಮುಟ್ಟುತ್ತಿದ್ದ ಕಡೆ ಒಣ ಮರಳು ಎದ್ದಿತು. ಟುಪ್‌ನಿಂದ ಗೈ ಕಡೆಗೆ ಎಲ್ಲರೂ ನಡೆದೆವು, ಅತ್ತೆಯೂ. ಇಳಿತದ ತುದಿಗೆ ಮೊದಲೇ ಬರಬೇಕು ಎಂದು ನಾನು ಹಟ ಹಿಡಿದದ್ದು ಇದಕ್ಕಾಗಿ. ಏರಿಳಿತದ ಆರು ಗಂಟೆಯಲ್ಲಿ ಮೊದಲ ಮತ್ತು ಕೊನೆಯ ಗಂಟೆ ನೀರು ನಿಧಾನ, ನಡುವಿನ ಎರಡು ಗಂಟೆಯಲ್ಲಿ ಅರ್ಧಕ್ಕರ್ಧ ನೀರು ಸರಿದುಬಿಡುತ್ತದೆ. ತುದಿಗೆ ಮೊದಲು ಬಂದವರಿಗೆ ದಾರಿ ಅಗಲವಾಗುತ್ತಲೇ ಹೋಗುತ್ತದೆ, ಹಿಂದಿರುಗುವ ಆತುರವಿಲ್ಲ. ತಡವಾಗಿ ಬಂದವರ ಹಿಂದೆ ನೀರು ಏರತೊಡಗುತ್ತದೆ, ಮಕ್ಕಳಿರುವಾಗ ಅದು ಬೇಡವೇ ಬೇಡ. ಒಂದೂಕಾಲಕ್ಕೆ ದಿಬ್ಬದ ತುಂಬ ಜನ; ನಾವು ಆಗಲೇ ದೋಣಿ ಹತ್ತುತ್ತಿದ್ದೆವು.

ಊಟ ದೋಣಿಯಲ್ಲೇ. ಅಲ್ಲಿನ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಅತ್ತೆ ಮುಟ್ಟುವವರಲ್ಲ. ಚಪಾತಿ, ಚಟ್ನಿಪುಡಿ, ಬಾಳೆಹಣ್ಣು, ಕಲಸಿದ ಅವಲಕ್ಕಿ ಸ್ಟೀಲ್ ಡಬ್ಬಿಯಲ್ಲಿ ಒಯ್ದಿದ್ದೆ. ಮಂಗಗಳಿರುವ ಪ್ರಾ ನಾಂಗ್ ತಲುಪುವ ಮೊದಲೇ ಡಬ್ಬಿ ಖಾಲಿ ಮಾಡಿದೆವು.

ಪ್ರಾ ನಾಂಗ್‌ನಲ್ಲಿ ನೆರಳಿಗೆ ಬಂಡೆಯಿದೆ, ಮಧ್ಯಾಹ್ನಕ್ಕೆ ಇಟ್ಟಿದ್ದು ಅದಕ್ಕೇ. ಗುಹೆಯೊಳಗೆ ಸಮುದ್ರದ ದೇವಿಗೆ ಮೀನುಗಾರರು ಅರ್ಪಿಸಿದ ಮರದ ಲಿಂಗಗಳ ರಾಶಿ ಇದೆ. ಅದು ಪೂಜೆಯ ಜಾಗ, ನಕ್ಕು ಫೋಟೋ ತೆಗೆಯುವುದನ್ನು ನಾನು ಸಹಿಸಲಾರೆ. ನಾಲ್ಕರ ಹೊತ್ತಿಗೆ ಹೊರಟು ಆವೊ ನಾಂಗ್ ಸೇರಿದಾಗ ನೀರು ಅರ್ಧ ಏರಿತ್ತು, ಅತ್ತೆ ನಾಲ್ಕು ಹೆಜ್ಜೆಯಲ್ಲಿ ಮರಳು ಮುಟ್ಟಿದರು.

ನಿಮ್ಮ ತಾರೀಕು ಹುಣ್ಣಿಮೆಗೋ ಅಮಾವಾಸ್ಯೆಗೋ ಬಿದ್ದರೆ ನಮ್ಮ ಸರದಿಯನ್ನು ತಿರುವಿಹಾಕಿ: ಬೆಳಿಗ್ಗೆ ಪ್ರಾ ನಾಂಗ್, ಆಮೇಲೆ ಪೋಡಾ, ಟಲೇ ವೇಕ್ ಕೊನೆಗೆ ಮಧ್ಯಾಹ್ನ ಎರಡೂವರೆಯ ಮೇಲೆ. ಅಂದು ಮರಳುವಾಗ ಆವೊ ನಾಂಗ್ ದಡದಲ್ಲಿ ನೀರು ಬಹಳ ಹಿಂದಿರುತ್ತದೆ. ಎಲ್ಲಿ ಇಳಿಸುತ್ತೀರಿ, ಎಷ್ಟು ನಡೆಯಬೇಕು ಎಂದು ದೋಣಿಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅಷ್ಟಮಿ, ನವಮಿಯಾದರೆ ದಿಬ್ಬ ಪೂರ್ತಿ ಏಳುವ ಭರವಸೆಯಿಲ್ಲ. ಆ ದಿನವನ್ನು ಹಾಂಗ್‌ಗೆ ಕೊಡಿ, ನೀರು ಏರುತ್ತಿರುವ ಮಧ್ಯಾಹ್ನದ ಹೊತ್ತಿಗೆ ಲಗೂನ್ ಇಟ್ಟುಕೊಳ್ಳಿ.