ಸಿಂತ್ರಾಕ್ಕೆ ಹೋಗುವವರಿಗೆ ಒಂದು ಮಾತು

ಪೋರ್ಚುಗಲ್‌ನ ಲಿಸ್ಬನ್‌ಗೆ ಹೋದವರು ಹತ್ತಿರದ ಗುಡ್ಡದೂರು ಸಿಂತ್ರಾ ಬಿಡಬೇಡಿ. ರೊಸ್ಸಿಯೊ ಸ್ಟೇಷನ್ನಿನಿಂದ ಲೋಕಲ್ ರೈಲಿನಲ್ಲಿ ಸುಮಾರು 40 ನಿಮಿಷ. ಅಲ್ಲಿ ಗುಡ್ಡದ ಮೇಲಿರುವ ಪೆನಾ ಅರಮನೆಯ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಅದರಲ್ಲಿರುವ ಟೈಮು ಅರಮನೆ ಬಾಗಿಲಿನದು, ಅದರ ಸುತ್ತಲಿನ ಪಾರ್ಕಿನ ಗೇಟಿನದಲ್ಲ. ಗೇಟಿನಿಂದ ಬಾಗಿಲಿಗೆ ಅರ್ಧ ಗಂಟೆ ಏರುದಾರಿ. ನಾವು ಕೆಳಗೇ ಫೋಟೋ ತೆಗೆಯುತ್ತಾ ನಿಂತು, ಕೊನೆಗೆ ಏದುಸಿರು ಬಿಡುತ್ತಾ ಓಡಿದೆವು.

ಗುಡ್ಡದ ಮೇಲೆ ಮಂಜು ಜಾಸ್ತಿ, ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ. ಹತ್ತಿರದಲ್ಲೇ ಮೂರಿಷ್ ಕೋಟೆ (ಹಿಂದೆ ಇಲ್ಲಿ ಆಳಿದ ಮೂರ್ ಮುಸ್ಲಿಮರ ಕೋಟೆ) ಇದೆ. ಅದರ ಗೋಡೆ ಮೇಲೆ ನಡೆದರೆ ಕೆಳಗೆ ಊರೊಳಗಿನ ಇನ್ನೊಂದು ಅರಮನೆಯ ಎರಡು ಬಿಳಿ ಚಿಮಣಿ ಕಾಣುತ್ತವೆ. 33 ಮೀಟರ್ ಎತ್ತರ, ಅದೂ ಬರೀ ಅಡಿಗೆಮನೆಗೆ! ಗುಡ್ಡ ಹತ್ತಲು 434 ನಂಬರ್ ಬಸ್ಸು, ಇಳಿಯಲು ಕಾಡಿನ ಕಾಲುದಾರಿ. ಅದೇ ಊರಿನ ರೆಗಲೇರಾ ಎಂಬ ತೋಟದ ಬಂಗಲೆಯ ಸುತ್ತುಮೆಟ್ಟಿಲಿನ ಬಾವಿಯನ್ನೂ ಅದೇ ದಿನ ತುರುಕಬೇಡಿ, ಸುಮ್ನೆ ಕಾಲು ಸೋಲುತ್ತದೆ.